ಅಂಚು ತೆಗೆದ ಬ್ರೆಡ್ಡು

ನಮ್ಮೂರಲ್ಲಿ ಬ್ರೆಡ್ಡು ಎಂದರೆ ತಿಂಡಿಯಲ್ಲ, ಕಾಯಿಲೆ. ಚಾಮರಾಜನಗರದ ಯಾವ ಬೀದಿಯಲ್ಲಾದರೂ ಕೈಯಲ್ಲಿ ಒಂದು ಪೌಂಡು ಬ್ರೆಡ್ಡು ಹಿಡಿದು ನಡೆದು ನೋಡಿ. ನಾಲ್ಕು ಮನೆ ದಾಟುವಷ್ಟರಲ್ಲಿ ಯಾರಾದರೊಬ್ಬರು ಜಗಲಿಯಿಂದ ಇಳಿದು ಬಂದು, "ಯಾರ್ಗಮ್ಮಿ ಉಸಾರಿಲ್ಲ?" ಎಂದು ಕೇಳದಿದ್ದರೆ ನನ್ನ ಹೆಸರು ಬದಲಾಯಿಸಿ. ಬನ್ನು, ದಿಲ್‌ಪಸಂದು, ಖಾರದ ಬಿಸ್ಕತ್ತು ಇವೆಲ್ಲ ಗಟ್ಟಿಮುಟ್ಟಾದವರಿಗೆ. ಬ್ರೆಡ್ಡು ಆಸ್ಪತ್ರೆಗೆ ಹೋಗುವವರ ಕೈಚೀಲದಲ್ಲಿರುವ ವಸ್ತು. ಜ್ವರ ಬಂದರೆ ಹಾಲು ಬ್ರೆಡ್ಡು, ಜ್ವರ ಬಿಟ್ಟರೆ ಮುದ್ದೆ.

ಇಂಥ ಊರಲ್ಲಿ ಕೂತು ಬ್ರೆಡ್ಡು ಮಾಡಿ ಮಾರಿ ಪುಣ್ಯ ಕಟ್ಟಿಕೊಳ್ಳುತ್ತೇನೆಂದು ಹೊರಟವಳು ನಾನು, ಶಶಿರೇಖಾ. ಅರಿಶಿನ ಮಂಡಿಯ ಮೃತ್ಯುಂಜಯನವರ ಹೆಂಡತಿ ಎಂದರೆ ಊರವರಿಗೆ ಗೊತ್ತಾಗುತ್ತದೆ. ಇಂಟರ್ನೆಟ್ಟಿನವರಿಗೆ ನಾನು 'ಒಲೆ ಮುಂದೆ' ಬ್ಲಾಗಿನ ಶಶಿ. ಎರಡು ಸಾವಿರದ ಒಂಬತ್ತನೇ ಇಸವಿಯಲ್ಲಿ ಕನ್ನಡದಲ್ಲಿ ಅಡುಗೆ ಬ್ಲಾಗು ಬರೆಯುವವರನ್ನು ಬೆರಳಲ್ಲಿ ಎಣಿಸಬಹುದಿತ್ತು. ಹುರುಳಿ ಬಸ್ಸಾರು, ಹಿದುಕಿದ ಅವರೆಬೇಳೆ ಅಂತ ನಾನು ಬರೆದರೆ ಮೈಸೂರಿನಿಂದ ಮಸ್ಕತ್ತಿನವರೆಗೆ ಯಾರ್ಯಾರೋ ಓದಿ, ಬಾಯಲ್ಲಿ ನೀರೂರಿತು ಎಂದು ಕಾಮೆಂಟು ಹಾಕುತ್ತಿದ್ದರು. ಆ ಕಾಮೆಂಟಿನ ಆಸೆಗೇ ಬೆಳಿಗ್ಗೆ ಏಳುತ್ತಿದ್ದೆ ಎಂದರೂ ಸುಳ್ಳಲ್ಲ. ಮಗಳು ಹೋದ ಮೇಲೆ ಹಾಸಿಗೆಯಿಂದ ಏಳುವುದಕ್ಕೆ ನನಗೊಂದು ನೆಪ ಬೇಕಿತ್ತು.

ಸಿಂಚನಾ ಹೋಗಿ ಆಗ ಎರಡು ವರ್ಷ ದಾಟಿತ್ತು. ಕಾಮಾಲೆ. ಮೂರನೇ ಕ್ಲಾಸಿನ ಹುಡುಗಿ. ಕಣ್ಣು, ಉಗುರು, ಅಂಗೈ ಎಲ್ಲ ಹಳದಿಯಾಗಿ ಹಿತ್ತಿಲ ಕಡೆಯ ಕೋಣೆಯಲ್ಲಿ ಮಲಗಿರುತ್ತಿದ್ದಳು. ವಯಸ್ಸಾದವರು ಹತ್ತಿರ ಹೋಗುವುದು ಬೇಡ, ಅಂಟುತ್ತದೆ ಎಂದಿದ್ದರು ಡಾಕ್ಟರು. ಹಾಗಾಗಿ ನಮ್ಮತ್ತೆ ಚಿಕ್ಕಮಲ್ಲಮ್ಮ ಹೊಸ್ತಿಲಾಚೆಯೇ ಕೂತು ಬಟ್ಟಲನ್ನು ಒಳಕ್ಕೆ ಸರಿಸುತ್ತಿದ್ದರು. ಬ್ರೆಡ್ಡಿನ ಕಂದು ಅಂಚನ್ನೆಲ್ಲ ತೆಗೆದು, ಬಿಳಿ ಭಾಗವನ್ನು ಬಿಸಿ ಹಾಲಲ್ಲಿ ನೆನೆಸಿದ ಬಟ್ಟಲು ಅದು. ಅಂಚು ಕಂಡರೆ ಸಿಂಚುಗೆ ಆಗುತ್ತಿರಲಿಲ್ಲ. ಚೆನ್ನಾಗಿದ್ದಾಗ ಅವಳ ಪದ್ಧತಿ ಏನೆಂದರೆ, ತಿಂದು ಮುಗಿಸಿದ ಮೇಲೆ ಚಮಚದಿಂದ ಬಟ್ಟಲಿಗೆ ಟಣ್ ಟಣ್ ಎಂದು ಎರಡೇಟು ಹೊಡೆಯುವುದು. ಖಾಲಿ ಅಂತ ಅಜ್ಜಿಗೆ ಸುದ್ದಿ.

ಕಾಯಿಲೆ ಬಿದ್ದ ಮೇಲೆ ಆ ಸದ್ದು ನಿಂತಿತು. "ಒಂದ್ ಚೂರು ತಿಂದ್ಬುಡು ಮಗ" ಎಂದು ಅಜ್ಜಿ ಬೇಡುವುದು, "ನಾಳೆ ತಿಂತೀನಿ ಅಜ್ಜಿ" ಎಂದು ಇವಳು ಗೋಡೆ ಕಡೆ ಹೊರಳುವುದು. ಬಟ್ಟಲು ತುಂಬಿಕೊಂಡೇ ಹೋಗುತ್ತಿತ್ತು, ತುಂಬಿಕೊಂಡೇ ವಾಪಸು ಬರುತ್ತಿತ್ತು. ಕೊನೆಯ ದಿನವೂ ಹಾಗೇ ಬಂತು.

ಆಮೇಲೆ ನಮ್ಮ ಮನೆಗೆ ಬ್ರೆಡ್ಡು ಬಂದಿರಲಿಲ್ಲ. ಇನ್ನೊಂದು ಸಂಗತಿಯೂ ನಿಂತಿತು. ನನ್ನ ಗಂಡ ಮಂಡಿಯಿಂದ ಅರಿಶಿನದ ಕೈಯಲ್ಲಿ ಮನೆಯೊಳಗೆ ಬರುವುದನ್ನು ಬಿಟ್ಟರು. ಹೊರಗಿನ ನಲ್ಲಿಯ ಹತ್ತಿರ ಕೂತು, ಕೊಬ್ಬರಿ ಎಣ್ಣೆ ಹಚ್ಚಿ, ಸೋಪು ಹಾಕಿ, ಚರ್ಮ ಕಿತ್ತುಬರುವಂತೆ ಕೈ ಉಜ್ಜಿಕೊಂಡೇ ಹೊಸ್ತಿಲು ದಾಟುವುದು. ಹಳದಿ ಅಂಗೈ ನಮ್ಮಿಬ್ಬರಿಗೂ ನೋಡಲಾಗುತ್ತಿರಲಿಲ್ಲ. ಅದರ ಬಗ್ಗೆ ನಾವು ಮಾತಾಡಿದ್ದಂತೂ ಇಲ್ಲ. ನಾವು ಯಾವುದರ ಬಗ್ಗೆ ಮಾತಾಡಿದ್ದೆವು, ಅದನ್ನು ಆಡುವುದಕ್ಕೆ?

ನನ್ನ ತಲೆಗೆ ಬ್ರೆಡ್ಡಿನ ಹುಳ ಬಿಟ್ಟವಳು ನಾಜ್ನೀನ್. ನಮ್ಮೂರ ಬೇಕರಿ ಪೀರ್ ಪಾಷಾ ಅವರ ಮಗಳು, ಮದುವೆಯಾಗಿ ಗುಂಡ್ಲುಪೇಟೆ ಸೇರಿದವಳು. 'ದಸ್ತರ್ಖಾನ್' ಅಂತ ಅವಳದ್ದೂ ಒಂದು ಬ್ಲಾಗು. ಮನೆಯಲ್ಲಿ ಉರ್ದು, ಬ್ಲಾಗಿನಲ್ಲಿ ಕನ್ನಡ. ಅವಳ ಖುಷ್ಕಾ ಅನ್ನಕ್ಕೆ ನಾನು ಕಾಮೆಂಟು ಹಾಕಿ, ನನ್ನ ಹುಳಿಸೊಪ್ಪಿಗೆ ಅವಳು ಹಾಕಿ, ಆಮೇಲೆ ಫೋನಾಗಿ, ಒಂದು ದಿನ ಬಸ್ ಸ್ಟ್ಯಾಂಡಿನಲ್ಲಿ ಮುಖಾಮುಖಿಯಾಗಿ ಅಕ್ಕ ತಂಗಿಯೇ ಆಗಿಹೋಗಿದ್ದೆವು.

"ಅಕ್ಕಾ, ಬೇರೆ ಊರ್ನಲ್ಲೆಲ್ಲ ಬ್ಲಾಗಿನವ್ರು ಸೇರ್ಕೊಂಡು ಬ್ರೆಡ್ ಮಾಡಿ ಮಾರ್ತಾರಂತೆ, ಬಂದಿದ್ದು ಪೂರಾ ಬಡವ್ರಿಗೆ. ನಾವೂ ಮಾಡಣ" ಎಂದಳು. "ನಮ್ಮ ಅಬ್ಬಾ ಭಟ್ಟಿ ಕೊಡ್ತಾರೆ. ಶುಕ್ರವಾರ ಅಂಗಡಿ ರಜಾ ಅಲ್ವಾ, ಗುರುವಾರ ಮಧ್ಯಾಹ್ನದ ಮೇಲೆ ಭಟ್ಟಿ ಬಿಸಿ ಇರತ್ತೆ, ಖಾಲಿ ಇರತ್ತೆ."

"ಯಾರಿಗೆ ಕೊಡೋದು?"

"ಪುಣಜನೂರಿನ ಬೋರಯ್ಯ ಗೊತ್ತಲ್ಲಕ್ಕ, ಅಬ್ಬಾಗೆ ಸೌದೆ ತಂದ್ಕೊಡೋರು? ಅವ್ರ ಮಗಳು ಮಾದೇವಿ. ಹಾರ್ಟಲ್ಲಿ ತೂತಂತೆ. ನಾಕ್ ಹೆಜ್ಜೆ ಓಡಿದ್ರೆ ತುಟಿ ನೀಲಿ ಆಗ್ಬಿಡತ್ತೆ. ಮೈಸೂರಲ್ಲಿ ಆಪರೇಷನ್ನು. ಸರ್ಕಾರದ್ದು ಒಂದಷ್ಟು ಬರತ್ತೆ, ಮಿಕ್ಕಿದ್ದು ನಾವೇ ಹೊಂದಿಸ್ಬೇಕು."

ಮಾದೇವಿಯನ್ನು ನೋಡಬೇಡ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ನೋಡಿಯೂ ಬಿಟ್ಟೆ. ಬೇಕರಿಯ ಹಿಂದೆ ಸೌದೆ ರಾಶಿಯ ಮೇಲೆ ಕೂತು ಬನ್ನು ಕಚ್ಚುತ್ತಿದ್ದಳು. ಎಂಟು ವರ್ಷ. ಸಿಂಚು ನಿಂತುಹೋದ ವಯಸ್ಸು.

ಮನೆಯಲ್ಲಿ ವಿಷಯ ತೆಗೆದಾಗ ಇವರು ಊಟದ ತಟ್ಟೆಯಿಂದ ತಲೆ ಎತ್ತಲಿಲ್ಲ. "ಆ ಮಗಿಗೆ ನನ್ ಕೈಲಾದ್ದು ನಾನೇ ಕೊಡ್ತೀನಿ. ಮನೆಗೆ ಬ್ರೆಡ್ಡು ಮಾತ್ರ ತರ್ಬೇಡ" ಎಂದರು.

"ನಿಮ್ಮೊಬ್ಬರ ಕೈಲಾದ್ದು ಸಾಕಾಗಲ್ಲ ಕಣ್ರೀ."

"ನಾನ್ ಏಳೋದ್ ಏಳಿದೀನಿ."

"ನಾನೂ ಹೇಳಿದೀನಿ" ಎಂದೆ. ನನ್ನ ಬಾಯಿ ಸುಮ್ಮನಿರುವ ಬಾಯಲ್ಲ. "ಒಂದು ಮಗುವಿಗೆ ನಮ್ಮ ಕೈಲಿ ಏನೂ ಮಾಡಕ್ಕಾಗಲಿಲ್ಲ. ಇನ್ನೊಂದು ಮಗುವಿಗೂ ಬೇಡ ಅಂತೀರಾ?" ಅವರು ಕೈ ತೊಳೆದುಕೊಂಡು ಎದ್ದುಹೋದರು. ಬೆಳಿಗ್ಗೆ ಮಂಡಿಗೆ ಹೊರಡುವಾಗ ಚಪ್ಪಲಿ ಹಾಕಿಕೊಳ್ಳುತ್ತ, "ನನ್ ಕಣ್ಣಿಗೆ ಬೀಳ್ದಂಗೆ ಮಾಡ್ಕೊ" ಎಂದರು. ಅಷ್ಟು ಸಿಕ್ಕಿದ್ದೇ ದೊಡ್ಡದು.

ಗುರುವಾರದ ಕೆಲಸ ಹೀಗೆ ನಡೆಯುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ನಾಜ್ನೀನ್ ಗುಂಡ್ಲುಪೇಟೆ ಬಸ್ಸಿನಿಂದ ಇಳಿಯುತ್ತಾಳೆ. ಇಬ್ಬರೂ ಸೇರಿ ಹಿಟ್ಟು ನಾದುತ್ತೇವೆ, ಉಬ್ಬಿದ ಮೇಲೆ ಇನ್ನೊಂದು ಸಲ ಗುದ್ದಿ ತಗಡಿನ ಡಬ್ಬಿಗಳಿಗೆ ತುಂಬುತ್ತೇವೆ. ಪೀರ್ ಪಾಷಾ ಸಾಹೇಬರು ಭಟ್ಟಿಯೊಳಗೆ ಕೈ ಚಾಚಿ ಬಿಸಿ ನೋಡಿ, "ಹಾಕ್ರಮ್ಮ" ಎನ್ನುತ್ತಾರೆ. ಮೊದಲ ಸುತ್ತಿನ ಬ್ರೆಡ್ಡನ್ನು ಹೊತ್ತಿಳಿಯುವ ಮುಂಚೆ ನಮ್ಮ ಮನೆಗೆ ತಂದು ಅಡುಗೆಮನೆ ಕಟ್ಟೆಯ ಮೇಲೆ ಬಿಳಿ ಪಂಚೆ ಹಾಸಿ ಆರಲು ಇಡಬೇಕು. ಬಿಸಿಯಲ್ಲಿ ಕುಯ್ದರೆ, ಕವರಿಗೆ ಹಾಕಿದರೆ, ಬ್ರೆಡ್ಡು ಅಂಟಾಗಿ ಕೆಡುತ್ತದೆ. ಬೇಕರಿಯಲ್ಲಿ ಇಲಿ ಕಾಟ, ಹಾಗಾಗಿ ಮನೆಯೇ ಗತಿ. ಅಲ್ಲಿಂದ ಮತ್ತೆ ಓಡಿ ಎರಡನೇ ಸುತ್ತು ತರಬೇಕು. ಶುಕ್ರವಾರ ಬೆಳಿಗ್ಗೆ ಎಲ್ಲ ಪೊಟ್ಟಣವಾಗಿ ಮೈಸೂರಿನ ಬಸ್ಸು ಹತ್ತುತ್ತಿತ್ತು. ಅಲ್ಲಿ ಬ್ಲಾಗು ಓದುವವರು ಹಂಚಿಕೊಳ್ಳುತ್ತಿದ್ದರು. ನಮ್ಮೂರವರು ಒಂದನ್ನೂ ಕೊಳ್ಳಲಿಲ್ಲ. "ಚೆನ್ನಾಗಿರೋರ್ ಮನೆಗೆ ಯಾಕ್ರಮ್ಮ ಅಪಶಕುನ" ಎಂದು ಪಕ್ಕದ ಮನೆ ಸುಂದ್ರಮ್ಮ ಹಣ ಮಾತ್ರ ಕೊಟ್ಟು ಬ್ರೆಡ್ಡನ್ನು ನನ್ನ ಕೈಗೇ ತುರುಕಿದರು.

ಮೊದಲ ಗುರುವಾರ, ಕಟ್ಟೆ ತುಂಬ ಆರುತ್ತಿದ್ದ ಬ್ರೆಡ್ಡನ್ನು ನೋಡಿ ಅತ್ತೆಯೂ ಅದೇ ಪ್ರಶ್ನೆ ಕೇಳಿದ್ದರು. "ಯಾರ್ಗಮ್ಮಿ ಉಸಾರಿಲ್ಲ?"

"ಯಾರಿಗೂ ಇಲ್ಲ ಅತ್ತೆ. ಧರ್ಮಕ್ಕೆ ಮಾಡಿರೋದು" ಎಂದು ಎರಡನೇ ಸುತ್ತಿಗೆ ಓಡಿದ್ದೆ. ಅವರಿಗೆ ಅರಳುಮರಳು ಶುರುವಾಗಿತ್ತು. ಕಾಫಿಗೆ ಉಪ್ಪು ಹಾಕುವುದು, ನನ್ನನ್ನು ಅವರ ತಂಗಿಯ ಹೆಸರಿಂದ ಕರೆಯುವುದು. ಬುದ್ಧಿ ಬಂದುಹೋಗುವ ನಂಟರಂತಾಗಿತ್ತು. ಸಿಂಚು ಹೋದಾಗ ಅವರು ಅತ್ತಿದ್ದನ್ನು ನಾನು ನೋಡಲಿಲ್ಲ, ಅವಳ ಹೆಸರೆತ್ತಿದ್ದನ್ನೂ ಕೇಳಲಿಲ್ಲ. ಮುದುಕಿಗೆ ಮರೆತೇಹೋಗಿದೆ, ಪುಣ್ಯವಂತೆ ಎಂದು ನಾನು ಹೊಟ್ಟೆಯುರಿ ಪಟ್ಟಿದ್ದೂ ಉಂಟು.

ಹಿತ್ತಿಲ ಕೋಣೆಯ ಎರಡು ಬಾಗಿಲೂ, ಮನೆಯೊಳಗಿನದು, ಹಿತ್ತಿಲಿಗೆ ತೆರೆಯುವುದು, ಯಾವಾಗಲೂ ಮುಚ್ಚಿರುತ್ತಿದ್ದವು. ಬೀಗವಿರಲಿಲ್ಲ. ಶುಕ್ರವಾರ ಬೆಳಿಗ್ಗೆ ಮಾತ್ರ ನಾನು ಒಳಗೆ ಹೋಗಿ ಕಸ ಗುಡಿಸಿ, ಅತ್ತ ಇತ್ತ ನೋಡದೆ ಬಂದುಬಿಡುತ್ತಿದ್ದೆ. ಆ ಶುಕ್ರವಾರ ಹೋದಾಗ ಮಂಚದ ಕೆಳಗೆ ಒಂದು ತಟ್ಟೆ ಇತ್ತು. ತಟ್ಟೆಯಲ್ಲಿ ಬ್ರೆಡ್ಡಿನ ಅಂಚುಗಳು. ಬರೀ ಅಂಚುಗಳು. ಬಿಳಿ ಭಾಗ ಇರಲಿಲ್ಲ.

ಪೊರಕೆ ಹಿಡಿದುಕೊಂಡು ಹಾಗೇ ನಿಂತೆ. ಮನೆಯಲ್ಲಿ ಬ್ರೆಡ್ಡು ತಿನ್ನುವವರು ಯಾರು? ಇವರು ಅದರ ಹೆಸರೇ ಸಹಿಸುವುದಿಲ್ಲ. ಅತ್ತೆ ಮಡಿ, ಬೇಕರಿಯ ವಸ್ತುವನ್ನು ಹುಟ್ಟಿದಾಗಿನಿಂದ ಬಾಯಿಗೆ ಹಾಕಿದವರಲ್ಲ. ಬೆಕ್ಕು ಬಂದಿರಬೇಕು ಎಂದುಕೊಂಡೆ. ಬೆಕ್ಕು ಅಂಚು ಬಿಡಿಸಿ ತಿನ್ನುತ್ತದೆಯೇ ಎಂದು ಕೇಳಿಕೊಳ್ಳಲು ಧೈರ್ಯ ಬರಲಿಲ್ಲ. ಯಾರಿಗೂ ಹೇಳಲಿಲ್ಲ.

ಮುಂದಿನ ಶುಕ್ರವಾರ ಕಿಟಕಿಯ ಮೇಲೆ ಸಿಂಚುವಿನ ಸ್ಟೀಲ್ ಬಟ್ಟಲು ಇತ್ತು. ಅದನ್ನು ನಾನೇ ಅಟ್ಟಕ್ಕೆ ಹಾಕಿದ್ದೆ. ತಳದಲ್ಲಿ ಹಾಲಿನ ಪಸೆ ಇನ್ನೂ ಒಣಗಿರಲಿಲ್ಲ, ಚಮಚ ಪಕ್ಕದಲ್ಲೇ. ಬಟ್ಟಲ ಕಂಠದ ಮೇಲೆ ಬೆರಳಿನ ಗುರುತುಗಳು. ಹಳದಿ.

ನಾನು ಅಲ್ಲೇ ಕೂತೆ. ಅರಿಶಿನದ ಮನೆಯಲ್ಲಿ ಹಳದಿ ಏನು ಮಹಾ ಎಂದು ನೀವು ಕೇಳಬಹುದು. ಇವರು ಹಳದಿ ಕೈಯಲ್ಲಿ ಒಳಗೆ ಬಂದು ಎರಡು ವರ್ಷವಾಗಿತ್ತು, ಹಿಂದಿನ ಸಂಜೆ ಕೂಡ ನಲ್ಲಿಯ ಹತ್ತಿರ ಉಜ್ಜಿಕೊಳ್ಳುತ್ತಿದ್ದುದನ್ನು ಕಣ್ಣಾರೆ ಕಂಡಿದ್ದೆ. ನನಗೆ ನೆನಪಾದದ್ದು ಒಂದೇ, ಹೊದಿಕೆಯಿಂದ ಹೊರಗೆ ಚಾಚಿದ್ದ ಆ ಪುಟ್ಟ ಅಂಗೈ. ಬಟ್ಟಲನ್ನು ಸೆರಗಿನಲ್ಲಿ ಸುತ್ತಿ ಎದೆಗೊತ್ತಿಕೊಂಡು ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ. ಹೆದರಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ತಿಂದಿದ್ದಾಳೆ ಎಂದು ಸಮಾಧಾನವಾಯಿತು. ಆ ಸಮಾಧಾನಕ್ಕೇ ನನಗೆ ಇನ್ನೂ ಹೆದರಿಕೆಯಾಯಿತು.

ಅದರ ಮುಂದಿನ ವಾರ ಹಿಟ್ಟು ನಾದುವಾಗ ನಾಜ್ನೀನಳ ಹತ್ತಿರ ಬಾಯಿಬಿಟ್ಟೆ. ಅವಳು ನಗಲಿಲ್ಲ. ಹಿಟ್ಟಿನ ಕೈಯನ್ನು ಹಾಗೇ ನಿಲ್ಲಿಸಿ ಹೇಳಿದಳು. "ನಮ್ಮ ಅಮ್ಮೀ ಹೇಳೋರು ಅಕ್ಕ, ಗುರುವಾರ ಸಂಜೆ ಹೋದವ್ರು ಮನೆ ಬಾಗ್ಲಿಗೆ ಬರ್ತಾರಂತೆ. ಯಾರಾದ್ರೂ ನೆನೀತಾರಾ ಅಂತ ನೋಡ್ಕೊಂಡು ನಿಂತಿರ್ತಾರಂತೆ. ಅದಕ್ಕೇ ನಾವು ಗುರುವಾರ ಏನಾದ್ರೂ ಮಾಡಿ, ಹೋದವ್ರ ಹೆಸ್ರಲ್ಲಿ ಫಾತಿಹಾ ಓದಿಸಿ, ಹಂಚೋದು."

"ಏನೂ ಮಾಡದಿದ್ದರೆ?"

"ಹಂಗೇ ವಾಪಸ್ ಹೋಗ್ತಾರಂತೆ."

ಅಂದು ಸಂಜೆ ನಾನು ಎರಡನೇ ಸುತ್ತು ತಂದಾಗ ಹಿತ್ತಿಲ ಕೋಣೆಯ ಕಡೆ ತಲೆ ತಿರುಗಿಸಲಿಲ್ಲ. ಬೆಳಿಗ್ಗೆ ನೋಡಿದರೆ ಬಟ್ಟಲು ಮತ್ತೆ ಅಲ್ಲೇ. ಖಾಲಿ. ಹಳದಿ ಬೆರಳು.

ನಿದ್ದೆ ಹೋಯಿತು, ಊಟ ಸೇರದಾಯಿತು, ಬ್ಲಾಗಿನಲ್ಲಿ ಒಂದಕ್ಷರ ಬರೆಯಲಾಗಲಿಲ್ಲ. ಹೀಗೇ ಮುಂದುವರಿದರೆ ನನಗೆ ಹುಚ್ಚು ಹಿಡಿಯುವುದು ಖಂಡಿತ ಅನ್ನಿಸಿತು. ನಾಜ್ನೀನಳಿಗೆ ಫೋನು ಮಾಡಿ, ಈ ಗುರುವಾರವೇ ಕೊನೆ, ನನ್ನ ಕೈಲಿ ಇನ್ನಾಗದು ಎಂದುಬಿಟ್ಟೆ. ಅವಳು "ಆಪರೇಷನ್ಗೆ ಡೇಟ್ ಕೊಟ್ಟಿದ್ದಾರೆ ಅಕ್ಕ. ಇನ್ನೂ ಅರ್ಧಾನೂ ಆಗಿಲ್ಲ. ಬೋರಯ್ಯ ದಿನಾ ಬಂದು ಅಬ್ಬಾನ ಕೇಳ್ತಾರೆ" ಎಂದಳು. ನಾನು ಫೋನು ಇಟ್ಟೆ. ಸೌದೆ ರಾಶಿಯ ಮೇಲಿನ ಹುಡುಗಿ ಕಣ್ಣಮುಂದೆ ಬಂದಳು. ಆದರೂ ನನ್ನ ಕೈಲಾಗುತ್ತಿರಲಿಲ್ಲ.

ಗುರುವಾರ ಬೆಳಿಗ್ಗೆ ಇವರಿಗೂ ಹೇಳಿದೆ. "ನಿಮಗೆ ನೆಮ್ಮದಿಯಾಗಲಿ. ಇವತ್ತೇ ಕೊನೆ, ಇನ್ನು ಮನೆಗೆ ಬ್ರೆಡ್ಡು ಬರಲ್ಲ." ಖುಷಿಪಡುತ್ತಾರೆಂದುಕೊಂಡಿದ್ದೆ. ಅವರು ಶರ್ಟಿನ ಗುಂಡಿ ಹಾಕಿಕೊಳ್ಳುತ್ತಿದ್ದವರು ನಿಲ್ಲಿಸಿ, ನನ್ನ ಮುಖ ನೋಡಿ, ಏನೋ ಹೇಳಲು ಬಂದು, "ಊಂ" ಎಂದಷ್ಟೇ ಅಂದು ಹೊರಟರು.

ಕೊನೆಯ ದಿನ ಎಂದಾದ ಮೇಲೆ ನನ್ನೊಳಗೆ ಒಂದು ಆಸೆ ಹುಟ್ಟಿತು. ಒಂದೇ ಒಂದು ಸಲ ನೋಡಬೇಕು. ದೆವ್ವವೋ ಭ್ರಮೆಯೋ, ನನ್ನ ಮಗಳಲ್ಲವೇ? ಎರಡನೇ ಸುತ್ತಿಗೆ ನಾಜ್ನೀನಳನ್ನೇ ಕಳಿಸಿ, ನಾನು ದೇವರ ಮನೆಯೊಳಗೆ ಹೋಗಿ ಬಾಗಿಲು ಓರೆ ಮಾಡಿಕೊಂಡು ಕೂತೆ. ಅಲ್ಲಿಂದ ಅಡುಗೆಮನೆಯೂ ಹಿತ್ತಿಲ ಕೋಣೆಯ ಬಾಗಿಲೂ ಕಾಣುತ್ತಿದ್ದವು. ಹೊತ್ತಿಳಿಯಿತು. ಎಂದಿನಂತೆ ಕರೆಂಟು ಹೋಯಿತು.

ಅಡುಗೆಮನೆಯಲ್ಲಿ ಸದ್ದಾಯಿತು. ಬಗ್ಗಿ ನೋಡಿದರೆ, ಅತ್ತೆ.

ಸೀಮೆಎಣ್ಣೆ ಬುಡ್ಡಿಯ ಬೆಳಕಲ್ಲಿ ಒಂದು ಬ್ರೆಡ್ಡು ಎತ್ತಿಕೊಂಡರು. ಚೂರು ಕುಯ್ದು, ಅಂಚು ಬಿಡಿಸಿ ತಟ್ಟೆಯಲ್ಲಿಟ್ಟರು. ಹಾಲು ಕಾಯಿಸಿದರು, ಬಿಸಿ ನೋಡಲು ಅಂಗೈ ಮೇಲೆ ಒಂದು ತೊಟ್ಟು ಬಿಟ್ಟುಕೊಂಡರು. ಕಾಫಿಗೆ ಉಪ್ಪು ಹಾಕುವ ಹೆಂಗಸು ಇದರಲ್ಲಿ ಒಂದೂ ತಪ್ಪಲಿಲ್ಲ. ಬಟ್ಟಲನ್ನೂ ತಟ್ಟೆಯನ್ನೂ ಹಿಡಿದು ಹಿತ್ತಿಲ ಕೋಣೆಯ ಬಾಗಿಲಿಗೆ ಬಂದು, ಹೊಸ್ತಿಲಾಚೆಯೇ ಕೂತು, ಕದವನ್ನು ಅಂಗೈಯಗಲ ತೆರೆದು ಒಳಕ್ಕೆ ಸರಿಸಿದರು.

"ಸಿಂಚೂ, ಒಂದ್ ಚೂರು ತಿಂದ್ಬುಡು ಮಗ. ನಾಳೆ ಅನ್ಬೇಡ" ಎಂದು ಕದ ಮುಂದಕ್ಕೆಳೆದುಕೊಂಡರು.

ನನಗೆ ಆಗ ಎಲ್ಲ ತಿಳಿಯಿತು. ಮನೆಗೆ ಬ್ರೆಡ್ಡು ಬಂದಿದೆ ಎಂದರೆ ಯಾರಿಗೋ ಹುಷಾರಿಲ್ಲ. ಯಾರಿಗೆ? ಇನ್ಯಾರಿಗೆ! ನಮ್ಮೂರಿನ ಮುದುಕಿಯ ಲೆಕ್ಕ ಅಷ್ಟೇ ನೇರ. ನಾನೇ ವಾರ ವಾರ ಬ್ರೆಡ್ಡು ತಂದು ಕಟ್ಟೆಯ ಮೇಲಿಟ್ಟು, ಆ ಮಗುವನ್ನು ಮತ್ತೆ ಕಾಯಿಲೆ ಮಲಗಿಸಿದ್ದೆ. ಹೋಗಿ ಅವರನ್ನು ತಬ್ಬಿಕೊಳ್ಳಬೇಕೆಂದು ಎದ್ದೆ.

ಅಷ್ಟರಲ್ಲಿ ಒಳಗಿನಿಂದ ಸದ್ದು ಬಂತು. ಬಟ್ಟಲಿಗೆ ಚಮಚ ತಾಗುವ ಸದ್ದು.

ಅತ್ತೆ ಹೊರಗಿದ್ದಾರೆ. ಒಳಗೆ ಯಾರೋ ತಿನ್ನುತ್ತಿದ್ದಾರೆ. ನಿಧಾನವಾಗಿ, ಒಂದೊಂದೇ ಚಮಚ. ಅತ್ತೆ ಕದಕ್ಕೆ ಕಿವಿಯಿಟ್ಟು, ಕಣ್ಣು ಮುಚ್ಚಿ ಕೇಳುತ್ತಿದ್ದರು. ಆಮೇಲೆ ಟಣ್ ಟಣ್ ಎಂದು ಎರಡೇಟು.

"ತಿಂತು ಕಣಪ್ಪ" ಎಂದರು ಅತ್ತೆ, ಯಾವ ದೇವರಿಗೆ ಹೇಳಿದರೋ.

ನಾನು ಬೀದಿ ಬಾಗಿಲಿಂದ ಹೊರಬಿದ್ದು, ಸಂದಿಯಲ್ಲಿ ಹಾದು, ಬಟ್ಟೆ ಒಗೆಯುವ ಕಲ್ಲು ಎಡವಿ ಹಿತ್ತಿಲಿಗೆ ಬಂದೆ. ಗೋಡೆಯ ಪಕ್ಕ ಇವರ ಟಿವಿಎಸ್ ನಿಂತಿತ್ತು. ಕೋಣೆಯ ಹಿತ್ತಿಲ ಬಾಗಿಲು ತೆರೆದಿತ್ತು. ಒಳಗೆ, ಮಗಳ ಮಂಚದ ತುದಿಯಲ್ಲಿ ಕೂತಿದ್ದವರು ನನ್ನ ಗಂಡ. ಶರ್ಟಿನ ತೋಳೆಲ್ಲ ಅರಿಶಿನದ ಧೂಳು. ಹಳದಿ ಕೈಯಲ್ಲಿ ಖಾಲಿ ಬಟ್ಟಲು. ಇನ್ನೊಂದು ಹಳದಿ ಕೈಯನ್ನು ಬಾಯಿಗೆ ಒತ್ತಿ ಹಿಡಿದಿದ್ದರು, ಅಳು ಹೊರಗೆ ಕೇಳದಂತೆ. ಮಗಳನ್ನು ಮಣ್ಣು ಮಾಡಿದ ದಿನವೂ ಅಳದಿದ್ದ ಮನುಷ್ಯ.

ನಾನು ಹೋಗಿ ಪಕ್ಕದಲ್ಲಿ ಕೂತೆ. ಅವರು ಬೆಚ್ಚಿಬಿದ್ದರು, ಎದ್ದು ಹೋಗಲಿಲ್ಲ. ಪಿಸುದನಿಯಲ್ಲಿ ಹೇಳಿದರು.

"ಆವತ್ತು ಮೊದಲ್ನೇ ವಾರ, ನೀನಿಲ್ದಾಗ ಬಂದೆ. ಅವ್ವ ಆ ಬಾಗ್ಲಲ್ಲಿ ಕೂತ್ಕಂಡು ಅಳ್ತಿದ್ಲು ಕಣೆ. ಮಗ ತಿನ್ನಾಕಿಲ್ಲ ಅಂತದೆ ಮೃತ್ಯುಂಜಯ, ಏನ್ ಮಾಡ್ಲಿ ಅಂತ. ಏನ್ ಏಳ್ಲಿ ನಾನು? ಸತ್ತೋಗದೆ ಕಣವ್ವ ಅಂತ ಇನ್ನೊಂದ್ ಸಲ ಏಳ್ಲಾ?"

ನಾನು ಅವರ ಕೈ ಹಿಡಿದುಕೊಂಡೆ. ಎರಡು ವರ್ಷದಲ್ಲಿ ಮೊದಲ ಸಲ ಆ ಹಳದಿಯನ್ನು ಮುಟ್ಟಿದ್ದು.

"ಇತ್ತಿಲಿಂದ ಒಳಿಕ್ ಬಂದು ನಾನೇ ತಿಂದೆ, ಆಮೇಕೆ ಅಟ್ಟದಿಂದ ಅವ್ಳ ಬಟ್ಲೂ ಇಳಿಸ್ಕೊಟ್ಟೆ. ಗುರುವಾರ ಬಂದ್ರೆ ಮಂಡಿಲಿ ಕೂರಕ್ಕಾಗಲ್ಲ. ಕೈ ತೊಳಿಯಕ್ಕೂ ಒತ್ತಿಲ್ದಂಗೆ ಓಡ್ಬತ್ತೀನಿ. ಆಮೇಕೆ ಓಗಿ ಮುಂದ್ಲಿಂದ ಬತ್ತೀನಿ" ಎಂದರು. ಆಮೇಲೆ, ಮನೆಗೆ ಬ್ರೆಡ್ಡು ತರಬೇಡ ಎಂದಿದ್ದ ಅದೇ ಬಾಯಲ್ಲಿ, "ನಿಲ್ಲಿಸ್ಬೇಡ ಕಣೆ" ಎಂದರು.

ಕದದಾಚೆ ಅತ್ತೆ ಇನ್ನೂ ಎದ್ದಿರಲಿಲ್ಲ. ಬುಡ್ಡಿಯ ಬೆಳಕು ಕದದ ಕೆಳಗಿನಿಂದ ನಮ್ಮ ಕಾಲಿನವರೆಗೆ ಬಂದಿತ್ತು. ಅವರು ಗಂಟಲು ಸರಿಮಾಡಿಕೊಂಡು ಕೇಳಿದರು. "ಸಾಕಾ ಮಗ? ಇನ್ನೊಂದ್ ಚೂರು ಬೇಕಾ?"

ಇವರು ನನ್ನ ಮುಖ ನೋಡಿದರು. ಇಷ್ಟು ವಾರದಲ್ಲಿ ಅತ್ತೆ ಹೀಗೆ ಕೇಳಿದ್ದು ಇದೇ ಮೊದಲಿರಬೇಕು. ಬಟ್ಟಲಿಗೆ ಎರಡೇಟು ಹೊಡೆದರೆ ಮುಗಿಯುವ ಪ್ರಶ್ನೆಯಾಗಿರಲಿಲ್ಲ ಅದು. ಆಚೆ ಕಾಯುತ್ತಿದ್ದ ಮುದುಕಿಯ ಉಸಿರು ನಮಗೆ ಕೇಳುತ್ತಿತ್ತು.

"ಬೇಕಂತೆ ಅತ್ತೆ" ಎಂದೆ ನಾನು. "ಇನ್ನೊಂದು ಚೂರು ಬೇಕಂತೆ. ಅಂಚು ತೆಗೆದು ಕೊಡಬೇಕಂತೆ."

"ತಂದೆ ಕಣ್ ಮಗ, ತಂದೆ" ಎನ್ನುತ್ತ ಅತ್ತೆ ನೆಲಕ್ಕೆ ಕೈಯೂರಿ ಎದ್ದು, ಬುಡ್ಡಿ ಹಿಡಿದುಕೊಂಡು ಅಡುಗೆಮನೆ ಕಡೆ ಹೋದರು. ನಾವಿಬ್ಬರೂ ಕತ್ತಲಲ್ಲಿ ಬಟ್ಟಲು ಹಿಡಿದುಕೊಂಡು ಕಾದೆವು.